ಹದಿನಾರು ದಾಟಿದ ಮೇಲೆ

ಸಿಂಗಪುರ, 2023

ಆಗಸ್ಟ್ 12, ಶನಿವಾರ

ನ್ಯಾಷನಲ್ ಡೇ ವಾರ. ಅರ್ಧ ಹುಡುಗಿಯರು ನಾಪತ್ತೆ. ಬಂದವರೇ ಫ್ಲೋರ್‌ಬಾಲ್ ಅಂಕಣದ ಬೋರ್ಡ್ ಜೋಡಿಸಿದರು. ಎರಡು ಮೀಟರ್ ಉದ್ದ, ಅರ್ಧ ಮೀಟರ್ ಎತ್ತರದ ಹಲಗೆಗಳು, ಒಂದಕ್ಕೊಂದು ಸಿಕ್ಕಿಸುತ್ತ ಸುತ್ತು ಬರಬೇಕು. ಲೆಕ್ಕದ ಪ್ರಕಾರ ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ ಇರಬೇಕು. ನಮ್ಮ ಹಾಲ್‌ನಲ್ಲಿ ಅಷ್ಟು ಜಾಗವೆಲ್ಲಿ? ಅರ್ಧ ಬ್ಯಾಡ್ಮಿಂಟನ್‌ನವರದು. ಇದ್ದಷ್ಟರಲ್ಲೇ ಹಾಕಿಕೊಂಡೆವು.

ಸೆಕೆಂಡರಿ ನಾಲ್ಕರವರಿಗೆ ಇನ್ನು ಸಿಸಿಎ, ಅಂದರೆ ಪಠ್ಯೇತರ ಚಟುವಟಿಕೆ, ಇಲ್ಲ. ಓ ಲೆವೆಲ್ ಪರೀಕ್ಷೆ ಹತ್ತಿರ ಬಂತು. ಆದರೂ ನಮ್ಮ ಗೋಲ್‌ಕೀಪರ್ ಎನ್. ಬಂದಿದ್ದಳು. "ಒಂದೇ ಗಂಟೆ, ಚೆರ್." ಟೀಚರ್ ಎಂಬುದು ಇವರ ಬಾಯಲ್ಲಿ ಚೆರ್. ನಾನು ಬೇಡ ಅನ್ನಬೇಕಿತ್ತೇನೋ. ಅನ್ನಲಿಲ್ಲ.

ಫ್ಲೋರ್‌ಬಾಲ್‌ನಲ್ಲಿ ಗೋಲ್‌ಕೀಪರ್‌ಗೆ ಸ್ಟಿಕ್ ಇಲ್ಲ. ಮಂಡಿಯೂರಿ ಕೂತು ಕೈ, ಎದೆ, ತೊಡೆ ಯಾವುದು ಸಿಕ್ಕರೆ ಅದರಲ್ಲೇ ತಡೆಯಬೇಕು. ಗೋಲಿನ ಅಗಲ 160 ಸೆಂಟಿಮೀಟರ್, ಎತ್ತರ 115. ಎನ್. ಮಂಡಿಯ ಮೇಲೇ ಈ ಕಂಬದಿಂದ ಆ ಕಂಬಕ್ಕೆ ಜಾರುತ್ತಾಳೆ, ಕಣ್ಣು ಮಾತ್ರ ಚೆಂಡು ಬಿಟ್ಟು ಕದಲುವುದಿಲ್ಲ. ಇವತ್ತು ಒಂದು ಹೊಡೆತ ಮೊಣಕೈ ಕೆಳಗೆ ಬಿತ್ತು. ಚೆಂಡಿನ ತೂಕ 23 ಗ್ರಾಂ ಅಷ್ಟೇ, ಒಳಗೆಲ್ಲ ಟೊಳ್ಳು, ಮೈಮೇಲೆ 26 ತೂತು. ಹತ್ತಿರದಿಂದ ಬಿದ್ದರೆ ಚರ್ಮದ ಮೇಲೆ ಕೆಂಪು ಉಂಗುರ ಏಳುತ್ತದೆ, ಉಂಗುರದೊಳಗೆ ತೂತಿನ ಅಚ್ಚು. ಅವಳು ಅದರ ಫೋಟೊ ತೆಗೆದು ತಮ್ಮನಿಗೆ ಕಳಿಸಿದಳು.

ಒಂದು ಗಂಟೆ ಎಂದವಳು ಬೋರ್ಡ್ ಬಿಚ್ಚಿ ಜೋಡಿಸಿಟ್ಟ ಮೇಲೇ ಹೋದಳು.

ಆಗಸ್ಟ್ 24, ಗುರುವಾರ, ರಾತ್ರಿ

ಪೇಪರ್ ತಿದ್ದುವುದು ಬಾಕಿ. ಮನಸ್ಸಿಲ್ಲ.

ಸ್ಟಾಫ್ ರೂಮಿನ ಹೊರಗಿನ ಗೋಡೆಯಲ್ಲಿ ಹಳೆಯ ಟೀಮ್ ಫೋಟೊಗಳಿವೆ. ಇವರಲ್ಲಿ ಈಗ ಆಡುವವರು ಯಾರು ಎಂದು ಮಧ್ಯಾಹ್ನ ಒಂದೊಂದೇ ಮುಖ ನೋಡುತ್ತ ನಿಂತೆ. ಒಬ್ಬಳು ಚಾಂಗಿ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದಾಳೆ. ಒಬ್ಬಳಿಗೆ ಇಬ್ಬರು ಮಕ್ಕಳು. ಎಡಗೈಯವಳು, ಎಷ್ಟು ಚೆಂದ ಪಾಸ್ ಕೊಡುತ್ತಿದ್ದಳು, ಬ್ಯಾಂಕಿನಲ್ಲಿದ್ದಾಳಂತೆ. ಈಗಲೂ ಆಡುತ್ತಿರುವುದು ವೈ. ಒಬ್ಬಳೇ ಇರಬೇಕು.

ನಮ್ಮ ಶಾಲೆಗೆ ಬರುವ ಹೆಚ್ಚಿನವರು ಸ್ಟಿಕ್ ಹಿಡಿಯುವುದು ಹದಿಮೂರಕ್ಕೆ. ಕೆಳಗಿಡುವುದು ಹದಿನಾರಕ್ಕೆ. ಆಟ ಮೈಗೆ ಹತ್ತುವ ಹೊತ್ತಿಗೆ ಮುಗಿದೇ ಹೋಗಿರುತ್ತದೆ. ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಚಿಕ್ಕವರಿದ್ದಾಗಲೇ ಊರಿನ ಕ್ಲಬ್ ಸೇರುತ್ತಾರೆ. ಶಾಲೆ ಮುಗಿದರೂ ಕ್ಲಬ್ ಮುಗಿಯುವುದಿಲ್ಲ. ಅಂತರರಾಷ್ಟ್ರೀಯ ಫೆಡರೇಶನ್ ಹುಟ್ಟಿದ್ದೂ ಅಲ್ಲೇ, 1986ರಲ್ಲಿ, ಸ್ವೀಡನ್ನಿನ ಹುಸ್ಕ್‌ವರ್ನಾದಲ್ಲಿ. ಕಟ್ಟಿದ್ದು ಸ್ವೀಡನ್, ಫಿನ್‌ಲೆಂಡ್, ಸ್ವಿಟ್ಜರ್ಲೆಂಡ್, ಮೂರೇ ದೇಶ. 2007ರಿಂದ ಈಚೆಗೆ ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಒಂದು ಸಲವೂ ಸ್ವೀಡನ್ ಕೈ ಬಿಟ್ಟು ಹೋಗಿಲ್ಲ.

ಡಿಸೆಂಬರಿನಲ್ಲಿ ಅದು ನಮ್ಮ ಊರಿಗೇ ಬರುತ್ತಿದೆ. ಹದಿನಾರು ದೇಶ. ಶಾಲೆಯಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ.

ಸೆಪ್ಟೆಂಬರ್ 1, ಶುಕ್ರವಾರ

ರಾಷ್ಟ್ರಪತಿ ಚುನಾವಣೆ, ರಜೆ. ತೊವಾ ಪಾಯೊದ ಹಾಕರ್ ಸೆಂಟರಿನಲ್ಲಿ ವೈ. ಸಿಕ್ಕಳು. ಕೊಪಿ ಅವಳೇ ತಂದಳು, ದುಡ್ಡು ಕೊಡಲು ಬಿಡಲಿಲ್ಲ. "ಈಗ ನಾನೂ ಸಂಬಳ ತಗೋತೀನಿ, ಚೆರ್."

ಆಡಿಟ್ ಕಂಪನಿಯಲ್ಲಿ ಕೆಲಸ. ರಾಷ್ಟ್ರೀಯ ತಂಡದ ತರಬೇತಿ ಗುಂಪಿನಲ್ಲಿದ್ದಾಳೆ. ಆಫೀಸಿನಿಂದ ನೇರ ತರಬೇತಿಗೆ, ಅಲ್ಲಿಂದ ಮನೆ ಸೇರುವಾಗ ರಾತ್ರಿ ಹನ್ನೊಂದು. ಬೆಳಿಗ್ಗೆ ಮತ್ತೆ ಎಂಆರ್‌ಟಿ. ಸ್ಟಿಕ್ ಸ್ವಂತ ದುಡ್ಡಿನದು. ರಜೆಯೆಲ್ಲ ಕ್ಯಾಂಪಿಗೇ ಹೋಗಿದೆ, ಡಿಸೆಂಬರಿಗೆ ಸಂಬಳವಿಲ್ಲದ ರಜೆ ಕೇಳಿದ್ದಾಳೆ. ಮ್ಯಾನೇಜರ್ ಕೊಡಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ.

ದೂರು ಎಂಬಂತೆ ಹೇಳಲಿಲ್ಲ. ಲೈನ್ ಬದಲಾಯಿಸುವ ಬಗ್ಗೆ ಹೇಳುವಾಗ ಮುಖವೇ ಬೇರೆ. ಅಂಕಣದಲ್ಲಿ ಐದು ಜನ, ಹಿಂದೆ ಗೋಲ್‌ಕೀಪರ್. ಐವರೂ ಒಟ್ಟಿಗೆ ಒಳಗೆ, ಒಟ್ಟಿಗೆ ಹೊರಗೆ. ಆಟ ನಿಲ್ಲುವುದಿಲ್ಲ, ಚೆಂಡು ಓಡುತ್ತಿರುವಾಗಲೇ ಬೋರ್ಡ್ ಹಾರಿ ಬೆಂಚಿಗೆ ಬರಬೇಕು. ಒಂದು ನಿಮಿಷಕ್ಕಿಂತ ಹೆಚ್ಚು ನಿಂತರೆ ಕಾಲು ಭಾರವಾಗುತ್ತದೆ. "ಇನ್ನೊಂದು ಸಲ ಓಡಬಲ್ಲೆ ಅನ್ನಿಸುವಾಗಲೇ ಹೊರಗೆ ಬರಬೇಕು. ಅದನ್ನು ಕಲಿಯುವುದಕ್ಕೇ ನನಗೆ ಎರಡು ವರ್ಷ ಬೇಕಾಯಿತು," ಎಂದಳು. ಸಕ್ಕರೆ ಪೊಟ್ಟಣಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಯಾರು ಯಾರ ಜಾಗಕ್ಕೆ ಬರುತ್ತಾರೆಂದು ತೋರಿಸಿದಳು. ಪಕ್ಕದ ಮೇಜಿನ ಅಜ್ಜ ಬಾಗಿ ನೋಡಿದರು.

2005ರಲ್ಲಿ ಇದೇ ಚಾಂಪಿಯನ್‌ಷಿಪ್ ಸಿಂಗಪುರದಲ್ಲಿ ನಡೆದಾಗ ಅವಳು ಎಂಟು ವರ್ಷದವಳು. ಅಕ್ಕ ಕರೆದುಕೊಂಡು ಹೋಗಿದ್ದಳಂತೆ. ಆ ಸಲ ಫಿನ್‌ಲೆಂಡ್ ಅನ್ನು ಸೋಲಿಸಿ ಗೆದ್ದದ್ದು ಸ್ವಿಟ್ಜರ್ಲೆಂಡ್. ಅವಳಿಗೆ ಆಟ ನೆನಪಿಲ್ಲ, ಸದ್ದು ನೆನಪಿದೆ.

ಹಾಗಾದರೆ ಹದಿನೆಂಟು ವರ್ಷ ಕಾದು ಒಬ್ಬಳು ಸಿಕ್ಕಳು. ಇದನ್ನು ಸಂತೋಷವೆಂದು ಬರೆಯಲೋ, ಬೇರೆ ಏನಾದರೂ ಎಂದು ಬರೆಯಲೋ.

ಸೆಪ್ಟೆಂಬರ್ 18, ಸೋಮವಾರ

ಗೌರಿ, ಗಣೇಶ ಒಂದೇ ದಿನ. ಕಡುಬು ಮಾಡಿದೆ. ಇವರು ಆಫೀಸಿನಿಂದ ಬರುವ ಹೊತ್ತಿಗೆ ಆರಿತ್ತು.

ಗೋಣಿಕೊಪ್ಪದಿಂದ ಅಮ್ಮನ ಫೋನ್. ಮಳೆ, ಕಾಫಿ ಗಿಡ, ಪಕ್ಕದ ಮನೆಯವರ ಮದುವೆ. ಆಮೇಲೆ, "ನಿನ್ನ ಆ ಹಾಕಿ ಹುಡುಗೀರು ಹೆಂಗಿದ್ದಾರೆ?" ಎಷ್ಟು ಹೇಳಿದರೂ ಅವಳಿಗೆ ಅದು ಹಾಕಿಯೇ. ನಮ್ಮ ಕಡೆ ಇನ್ನೇನಂತಾರೆ! 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಮನೆತನಗಳ ಹಾಕಿ ಶುರು ಮಾಡಿದಾಗ ನಾನು ಪಿಯುಸಿ. ಪಕ್ಕದ ಮನೆಯ ಅಕ್ಕ ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಮನೆತನದ ಟೀಮಿಗೆ ಆಡಿದ್ದರು. ಮಾವನವರು ಅದೇ ಟೀಮಿನಲ್ಲಿ. ಮೈದಾನದ ಅಂಚಿನಲ್ಲಿ ಅವರ ಮಗುವನ್ನು ಎತ್ತಿಕೊಂಡು ನಿಂತಿದ್ದವಳು ನಾನು. ಅವರು ಎಷ್ಟು ಚೆನ್ನಾಗಿ ಆಡಿದರು ಎಂದು ಹೇಳಲಾರೆ. ಆಡಬಾರದು ಎಂದು ಯಾರೂ ಹೇಳಲಿಲ್ಲ, ಅದು ಗೊತ್ತು.

ಮೊದಲ ಮಹಿಳಾ ಫ್ಲೋರ್‌ಬಾಲ್ ಚಾಂಪಿಯನ್‌ಷಿಪ್ ನಡೆದದ್ದೂ ಅದೇ ವರ್ಷ, ಫಿನ್‌ಲೆಂಡ್‌ಗೆ ಸೇರಿದ ಆಲಂಡ್ ದ್ವೀಪದಲ್ಲಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೂ ಬರೆದಿಟ್ಟೆ.

ಅಕ್ಕನಿಗೆ ಆಡಲು ಒಂದು ಮನೆತನ ಇತ್ತು. ಹದಿನೇಳಕ್ಕೆ ಕಾಲಿಟ್ಟ ಮೇಲೆ ಎನ್.ಗೆ ಏನಿದೆ? ಕ್ಲಬ್‌ಗಳಿವೆ, ಇಲ್ಲವೆಂದಲ್ಲ. ಲೀಗೂ ಇದೆ. ಅಲ್ಲಿಗೆ ತಾವಾಗಿ ಹೋಗುವವರು ತೀರಾ ಚೆನ್ನಾಗಿ ಆಡುವವರು, ಧೈರ್ಯದವರು. ನಡುವಿನವರು ಮನೆಗೆ ಹೋಗುತ್ತಾರೆ. ನಡುವಿನವರು ಉಳಿಯದಿದ್ದರೆ ಮೇಲಿನವರು ಯಾರ ಜೊತೆ ಆಡಿ ಬೆಳೆಯಬೇಕು?

ಅಕ್ಟೋಬರ್ 2, ಸೋಮವಾರ

ಶಾಂತಿ ಪೆರೇರಾ! ಹಾಂಗ್‌ಜೌ ಏಷ್ಯನ್ ಗೇಮ್ಸ್, 200 ಮೀಟರ್, ಚಿನ್ನ. ಮೊನ್ನೆ 100 ಮೀಟರಿನಲ್ಲಿ ಬೆಳ್ಳಿ. ಸಿಂಗಪುರಕ್ಕೆ ಅಥ್ಲೆಟಿಕ್ಸ್ ಚಿನ್ನ ಬಂದು 49 ವರ್ಷ ಆಗಿತ್ತಂತೆ, 1974ರಲ್ಲಿ ಚೀ ಸ್ವೀ ಲೀ ಗೆದ್ದ ಮೇಲೆ.

ವಾಟ್ಸಾಪ್ ಗುಂಪಿನಲ್ಲಿ ಹುಡುಗಿಯರ ಗದ್ದಲ. ಓದಿಕೊಳ್ಳಿ ಎಂದು ಬೈಯಬೇಕಿತ್ತು. ನಾನೂ ಮೂರು ಸಲ ವೀಡಿಯೊ ನೋಡಿದೆ. ಕೊನೆಯ ಐವತ್ತು ಮೀಟರಿನಲ್ಲೂ ಆ ಭುಜ ಬಿಗಿಯಾಗಲಿಲ್ಲ.

ಅಕ್ಟೋಬರ್ 7, ಶನಿವಾರ

ಸುಮಾತ್ರದ ಹೊಗೆ ಬಂತು. ಗಂಟಲು ಕೆರೆತ. ಹೊರಗಿನ ಆಟಗಳೆಲ್ಲ ರದ್ದು, ಎಲ್ಲರಿಗೂ ನಮ್ಮ ಹಾಲ್ ಬೇಕು. ನೆಟ್‌ಬಾಲ್‌ನ ಮೇಡಂ ಜೊತೆ ಸ್ವಲ್ಪ ಮಾತು ಬಿತ್ತು. ಅವರಿಗೆ ಮುಂದಿನ ವಾರ ಪಂದ್ಯವಿದೆ, ನಮಗಿಲ್ಲ. ಬಿಟ್ಟುಕೊಟ್ಟೆ. ಮನೆಗೆ ಬಂದ ಮೇಲೆ ಸಿಟ್ಟು ಬಂತು. ಅವರ ಮೇಲಲ್ಲ.

ಅಕ್ಟೋಬರ್ 23, ಸೋಮವಾರ

ಆಯುಧಪೂಜೆ. ಇವರ ಲ್ಯಾಪ್‌ಟಾಪು, ನನ್ನ ಜಾಮಿಟ್ರಿ ಡಬ್ಬಿ, ಅಡುಗೆ ಮನೆಯ ಈಳಿಗೆ. ದುರಸ್ತಿಗೆಂದು ತಂದಿದ್ದ ಗೋಲ್‌ಕೀಪರ್ ಮುಖವಾಡವನ್ನೂ ಇಟ್ಟೆ. ಒಳಗಿನ ಸ್ಪಂಜು ಬೆವರಿಗೆ ಕಪ್ಪಾಗಿದೆ, ಗಲ್ಲದ ಪಟ್ಟಿ ಹರಿದಿದೆ. ಕಂಬಿಗೆ ಕುಂಕುಮ ಇಟ್ಟು ಒಂದು ಚೆಂಡುಹೂವು ಸಿಕ್ಕಿಸಿದೆ. ಪಟ್ಟಿಯನ್ನು ರಾತ್ರಿ ದಪ್ಪ ದಾರದಲ್ಲಿ ಹೊಲಿದೆ.

ಈ ಮುಖವಾಡ ಶಾಲೆಯದು. ಎನ್. ಮುಂದೆ ಆಡುವುದಾದರೆ ಸ್ವಂತದ್ದು ಬೇಕು. ಮುಖವಾಡ, ಎದೆಗವಚ, ದಪ್ಪ ಪ್ಯಾಂಟು, ಮಂಡಿ ಪ್ಯಾಡು. ನೂರಾರು ಡಾಲರ್. ಮಿಕ್ಕ ಆಟಗಾರ್ತಿಯರಿಗೆ ಒಂದು ಸ್ಟಿಕ್ ಸಾಕು.

ನವೆಂಬರ್ 11, ಶನಿವಾರ

ಪರೀಕ್ಷೆ ಮುಗಿಯಿತು. ಎನ್. ಬೆಡೋಕ್‌ನಲ್ಲಿ ಅಮ್ಮನ ನಾಸಿ ಲೆಮಾಕ್ ಅಂಗಡಿಯಲ್ಲಿದ್ದಾಳೆಂದು ಗೊತ್ತಿತ್ತು. ಹೋದೆ. ಅವಳು ಸೌತೆಕಾಯಿ ಹೆಚ್ಚುತ್ತಿದ್ದಳು. ಅಂಡರ್-19 ಟ್ರಯಲ್‌ಗೆ ಕರೆದಿದ್ದಾರೆ ಎಂದು ಅವಳೇ ಅಮ್ಮನಿಗೆ ಇನ್ನೂ ಹೇಳಿರಲಿಲ್ಲ. ನಾನು ಹೇಳಲಿ ಎಂದು ಕಾಯುತ್ತಿದ್ದಳೆಂದು ಆಮೇಲೆ ತಿಳಿಯಿತು.

ಅವಳ ತಾಯಿ ನನ್ನನ್ನು ಕೂರಿಸಿ, ಬೇಡವೆಂದರೂ ಚಹಾ ಕೊಟ್ಟರು. ಕಪ್ಪು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡರು. ಆಟ ಒಳ್ಳೆಯದೇ ಎಂದರು. ಮಗಳು ಆಟದಿಂದ ಸುಳ್ಳು ಹೇಳುವುದನ್ನು ಬಿಟ್ಟಳು ಎಂದರು. ಆಮೇಲೆ, ಮಲಯ್ ಭಾಷೆಯಲ್ಲಿ ಟೀಚರ್‌ಗೆ ಅನ್ನುವ ಹಾಗೆ ಚೆಗು ಎಂದು ಕರೆದು:

"ಚೆಗು, ಇವಳು ಪಾಲಿಟೆಕ್ನಿಕ್‌ನಲ್ಲಿ ನರ್ಸಿಂಗ್ ಮಾಡ್ತಾಳೆ. ನರ್ಸ್ ದಿನವಿಡೀ ನಿಂತೇ ಇರಬೇಕು. ಹದಿನಾರಕ್ಕೇ ಮಂಡಿ ಇಷ್ಟು ಕಪ್ಪಾಗಿದೆ. ಆಡಿ ಆಡಿ ಇದು ಹೋದರೆ ಯಾರು ನೋಡ್ಕೋತಾರೆ? ತಂಡ ನೋಡ್ಕೊಳತ್ತಾ?"

ನನ್ನಲ್ಲಿ ಉತ್ತರ ಇರಲಿಲ್ಲ. ಪ್ಯಾಡ್ ಹಾಕುತ್ತಾರೆ ಎಂದೆ, ವ್ಯಾಯಾಮ ಕಲಿಸುತ್ತಾರೆ ಎಂದೆ. ನಿಜವೇ. ಆದರೆ ಅವರು ಕೇಳಿದ್ದು ಅದಲ್ಲ. ನಲವತ್ತು ವರ್ಷದ ಎನ್. ಬಗ್ಗೆ ಅವರು ಕೇಳುತ್ತಿದ್ದರು.

ಬಸ್ಸಿನಲ್ಲಿ ಬರುವಾಗ ಯೋಚನೆ. ದೇಶದ ತಂಡ ಬೆಳೆಯಬೇಕು ಎಂದು ನಾನು ದಿನಾ ಹೇಳುತ್ತೇನೆ. ಅದು ಬೆಳೆಯುವುದು ಇಂಥ ಮಂಡಿಗಳ ಮೇಲೆ. ಕೇಳುವ ಹಕ್ಕು ನನಗಿದೆಯೇ? ಇದೆ ಅನ್ನಿಸುತ್ತದೆ. ಮರುಕ್ಷಣ ಇಲ್ಲ ಅನ್ನಿಸುತ್ತದೆ.

ನಾಳೆ ದೀಪಾವಳಿ. ಎಣ್ಣೆ ತರುವುದು ಮರೆತೆ.

ನವೆಂಬರ್ 19, ಭಾನುವಾರ, ಮಧ್ಯರಾತ್ರಿ

ಕನ್ನಡದವರೆಲ್ಲ ಒಂದೇ ಫ್ಲ್ಯಾಟಿನಲ್ಲಿ ಸೇರಿ ಕ್ರಿಕೆಟ್ ಫೈನಲ್ ನೋಡಿದೆವು. ಅಹಮದಾಬಾದ್. ಭಾರತ 240ಕ್ಕೆ ಮುಗಿಯಿತು. ನಮ್ಮ ರಾಹುಲ್ 107 ಚೆಂಡಿಗೆ 66. ಆಸ್ಟ್ರೇಲಿಯದ ಹೆಡ್ ಹೊಡೆಯತೊಡಗಿದ ಮೇಲೆ ಮಕ್ಕಳು ಅಳತೊಡಗಿದರು. ಬಿಸಿಬೇಳೆಬಾತ್ ಅರ್ಧ ಹಾಗೇ ಉಳಿಯಿತು.

ಇನ್ನೆರಡು ವಾರಕ್ಕೆ ಇಲ್ಲೇ, ಕಲಾಂಗ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಇದೆ ಎಂದೆ. "ಯಾವುದರದು?" ಎಂದರು. ಹೇಳಿದೆ. ಒಬ್ಬರು ಫೋನಿನಲ್ಲಿ ಹುಡುಕಿ ನೋಡಿ, "ಒಲಿಂಪಿಕ್ಸ್‌ನಲ್ಲಿ ಇಲ್ವಲ್ಲ?" ಎಂದರು. ಇಲ್ಲ. ಒಲಿಂಪಿಕ್ ಸಮಿತಿ 2011ರಲ್ಲೇ ಪೂರ್ತಿ ಮಾನ್ಯತೆ ಕೊಟ್ಟಿದೆ, ಆದರೂ ಒಳಗೆ ಬಂದಿಲ್ಲ. ಇಲ್ಲಿ ದುಡ್ಡು, ಹಾಲ್, ರಜೆ ಎಲ್ಲವೂ ಆ ಒಂದು ಪ್ರಶ್ನೆಗೇ ಬಂದು ನಿಲ್ಲುತ್ತದೆ. 2015ರ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಇದೇ ಊರಿನಲ್ಲಿ ನಮ್ಮ ಮಹಿಳೆಯರು ಚಿನ್ನ ಗೆದ್ದಿದ್ದರು. ಆ ವರ್ಷ ನಮ್ಮ ಶಾಲೆಯಲ್ಲಿ ಸಿಸಿಎಗೆ ಹೆಸರು ಕೊಡಲು ಹುಡುಗಿಯರು ಸಾಲು ನಿಂತಿದ್ದರು. ಗೆಲುವು ಹುಡುಗಿಯರನ್ನು ಕರೆತರುತ್ತದೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಉಳಿಸಿಕೊಳ್ಳುವುದು ಬೇರೆಯೇ ಕೆಲಸ.

ಇಬ್ಬರು ಗೆಳತಿಯರು ಟಿಕೆಟ್ ತೆಗೆದುಕೊಳ್ಳುತ್ತೇವೆ ಎಂದರು. ಬರಲಿ.

ನವೆಂಬರ್ 24, ಶುಕ್ರವಾರ

ವೈ. ಮೆಸೇಜ್. ಅಂತಿಮ ಪಟ್ಟಿಯಲ್ಲಿ ಅವಳಿಲ್ಲ.

ಇಪ್ಪತ್ತು ಹೆಸರು ಮಾತ್ರ. ಗೊತ್ತಿದ್ದದ್ದೇ. ಫೋನ್ ಮಾಡಿದೆ, ತೆಗೆಯಲಿಲ್ಲ.

ರಾತ್ರಿ ಹತ್ತೂವರೆಗೆ ಅವಳೇ ಮಾಡಿದಳು. ದನಿ ಸರಿಯಾಗೇ ಇತ್ತು. ತನ್ನ ಜಾಗಕ್ಕೆ ಬಂದವಳು ಹತ್ತೊಂಬತ್ತರವಳು, ತನಗಿಂತ ವೇಗ, ಅದು ಸರಿಯಾದ ಆಯ್ಕೆ ಎಂದಳು. "ಅವಳ ವಯಸ್ಸಿನಲ್ಲಿ ನಾನು ಒಂದೂವರೆ ವರ್ಷ ಆಡಿರಲಿಲ್ಲ ಚೆರ್, ನೆನಪಿದೆಯಾ?" ನೆನಪಿದೆ. ಓದು, ಪಾರ್ಟ್‌ಟೈಮ್ ಕೆಲಸ, ತಂದೆಯ ಕಾಯಿಲೆ. ಆ ಒಂದೂವರೆ ವರ್ಷ ಎಲ್ಲಿಂದ ತಂದು ಕೊಡುವುದು?

ರಜೆ ಮಂಜೂರಾಗಿದೆಯಂತೆ. ನಿನ್ನೆ. ವಾಪಸ್ ಕೊಡುವುದಿಲ್ಲ, ಸ್ಟೇಡಿಯಮ್ಮಿನಲ್ಲಿ ಕೂತು ನೋಡುತ್ತೇನೆ ಎಂದಳು.

ಡಿಸೆಂಬರ್ 2, ಶನಿವಾರ

ಶುರು. ಹುಡುಗಿಯರನ್ನು ಕರೆದುಕೊಂಡು ಇಂಡೋರ್ ಸ್ಟೇಡಿಯಂ. ಎನ್. ತಮ್ಮನ ಜೊತೆ ಬಂದಳು, ಅಮ್ಮ ಬರಲಿಲ್ಲ. ಶನಿವಾರ ಅಂಗಡಿಗೆ ಜನ ಹೆಚ್ಚು.

ಮೊದಲ ಸಲ ಪೂರ್ತಿ ಅಳತೆಯ ಅಂಕಣವನ್ನು ಅಷ್ಟು ಎತ್ತರದಿಂದ ನೋಡಿದಾಗ ನಮ್ಮವರು ಸುಮ್ಮನಾದರು. ಒಬ್ಬಳು, "ಇಷ್ಟು ದೊಡ್ಡದಾ?" ಎಂದಳು. ನಾಲ್ಕು ವರ್ಷ ಅರ್ಧ ಹಾಲ್‌ನಲ್ಲಿ ಆಡಿದವಳು.

ವೈ. ನಮ್ಮ ಸಾಲಿಗೇ ಬಂದು ಕೂತಳು. ಸಿಂಗಪುರದ ಜೆರ್ಸಿ ಹಾಕಿರಲಿಲ್ಲ, ಮಾಮೂಲಿ ಬಿಳಿ ಟೀಶರ್ಟ್. ಚೆಂಡನ್ನು ನೋಡಬೇಡಿ, ಬೆಂಚನ್ನು ನೋಡಿ ಎಂದು ಚಿಕ್ಕವರಿಗೆ ಹೇಳುತ್ತಿದ್ದಳು. ಐದು ಜನ ಹಾರಿ ಒಳಗೆ ಬರುವ ಹೊತ್ತಿಗೆ ಇನ್ನೈದು ಜನ ಆಗಲೇ ಕೂತು ನೀರು ಕುಡಿಯುತ್ತಿರುತ್ತಾರೆ. ಯಾರೂ ಕೂಗಿ ಕರೆಯುವುದಿಲ್ಲ. ಎನ್. ಮಾತ್ರ ಗೋಲ್‌ಕೀಪರ್ ಬಿಟ್ಟು ಬೇರೇನೂ ನೋಡಲಿಲ್ಲ. ಒಂದು ತಡೆತಕ್ಕೆ ತನಗೇ ತಿಳಿಯದೆ ಬಲಗೈ ಚಾಚಿದಳು, ಮುಂದಿನ ಸೀಟಿನವರ ತಲೆಗೆ ತಾಗಿತು.

ಡಿಸೆಂಬರ್ 10, ಭಾನುವಾರ

ವಾರವಿಡೀ ಬರೆಯಲು ಆಗಲಿಲ್ಲ. ನಮ್ಮವರ ಪಂದ್ಯಗಳಿಗೆ ಹೋಗಿ ಕೂಗಿ ಗಂಟಲು ಕೂತಿದೆ. ಅಂಕಗಳು ಪೇಪರಿನಲ್ಲಿವೆ. ನಾನು ನೋಡಿದ್ದು ಕಾಲು. ಮೊದಲ ಇಪ್ಪತ್ತು ನಿಮಿಷ ನಮ್ಮ ಹುಡುಗಿಯರು ಯಾರಿಗೂ ಕಡಿಮೆಯಿಲ್ಲ. ಮೂರನೆಯ ಇಪ್ಪತ್ತರಲ್ಲಿ ಚೆಂಡಿಗೆ ಅರ್ಧ ಹೆಜ್ಜೆ ತಡ. ಆ ಅರ್ಧ ಹೆಜ್ಜೆ ತರಬೇತಿಯ ತಪ್ಪಲ್ಲ. ಹಗಲು ಆಫೀಸು, ರಾತ್ರಿ ಆಟ, ನಡುವೆ ನಿದ್ದೆ ಇಲ್ಲದ ವರ್ಷಗಳದ್ದು.

ಎಷ್ಟು ಹೆಮ್ಮೆ ಆಯಿತು ಎಂದು ಇಲ್ಲಿ ಬರೆದರೆ ಚಿಕ್ಕದಾಗುತ್ತದೆ.

ಚಾಂಪಿಯನ್‌ಷಿಪ್ ಸ್ವೀಡನ್‌ಗೇ. ಮತ್ತೆ. ಹನ್ನೊಂದನೆಯ ಸಲ.

ರಾತ್ರಿ ಎನ್. ತಾಯಿಯಿಂದ ಮೆಸೇಜ್. ಅಂಗಡಿಯಲ್ಲೇ ಫೋನಿನಲ್ಲಿ ಪಂದ್ಯ ನೋಡುತ್ತಿದ್ದರಂತೆ. ಒಂದೇ ಸಾಲು: "ಚೆಗು, ಆ ಗೋಲ್‌ಕೀಪರ್‌ಗಳು ಮಂಡಿಗೆ ಹಾಕಿಕೊಳ್ಳುವುದು ಏನು, ಎಲ್ಲಿ ಸಿಗುತ್ತದೆ?"

ಓದಿ ಇವರಿಗೂ ತೋರಿಸಿದೆ. ಇದು ಒಪ್ಪಿಗೆಯೋ, ಬರೀ ಪ್ರಶ್ನೆಯೋ? ಅಂಗಡಿಯ ವಿಳಾಸ ಕಳಿಸಿದೆ, ಬೇರೇನೂ ಬರೆಯಲಿಲ್ಲ.

ಡಿಸೆಂಬರ್ 16, ಶನಿವಾರ

ಪ್ರಿನ್ಸಿಪಾಲರಿಗೆ ಪತ್ರ ಬರೆದೆ. ಜನವರಿಯಿಂದ ಶುಕ್ರವಾರ ಸಂಜೆ ಏಳರಿಂದ ಒಂಬತ್ತರವರೆಗೆ ಹಾಲ್ ಬೇಕು, ಶಾಲೆ ಬಿಟ್ಟ ಹುಡುಗಿಯರಿಗೆ. ಆಯ್ಕೆ ಇಲ್ಲ, ಟ್ರಯಲ್ ಇಲ್ಲ, ಬಂದವರು ಆಡುವುದು. ಮಗುವಿದ್ದವರು ಮಗುವನ್ನು ಕರೆತರಬಹುದು. ಈ ಕೊನೆಯ ಸಾಲನ್ನು ಒಮ್ಮೆ ಅಳಿಸಿ ಮತ್ತೆ ಸೇರಿಸಿದೆ.

ಉತ್ತರ ಸಂಜೆಯೇ ಬಂತು. ಆಲೋಚನೆ ಒಳ್ಳೆಯದು, ಆದರೆ ಹಳೆಯ ವಿದ್ಯಾರ್ಥಿಗಳಿಗೆ ವಿಮೆ ಯಾರು ಮಾಡಿಸುತ್ತಾರೆ, ಗಾಯವಾದರೆ ಜವಾಬ್ದಾರಿ ಯಾರದು, ಹಾಲ್ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಜನವರಿಯಲ್ಲಿ ಮಾತಾಡೋಣ ಎಂದಿದ್ದಾರೆ. ಬೆಡೋಕ್‌ನಲ್ಲಿ ಕೇಳಿದ ಪ್ರಶ್ನೆಯೇ ಇದು.

ವೈ.ಗೆ ಕಳಿಸಿದೆ. ಬೀಗದ ಕೈ ನಾನಿಟ್ಟುಕೊಳ್ಳುತ್ತೇನೆ, ವಿಮೆಯ ದರ ನಾಲ್ಕು ಕಡೆ ವಿಚಾರಿಸುತ್ತೇನೆ ಎಂದಳು. ಲೆಕ್ಕದವಳಲ್ಲವೇ. ಎಡಗೈ ಹುಡುಗಿಯ ನಂಬರ್ ಇದೆಯಾ ಎಂದೂ ಕೇಳಿದಳು. ಹಳೆಯದು ಇತ್ತು, ಕೊಟ್ಟೆ. ಬದಲಾಗಿರಬಹುದು.

ಎನ್. ಟ್ರಯಲ್‌ನ ಫಾರ್ಮ್ ಬುಧವಾರದೊಳಗೆ ಹೋಗಬೇಕು. ತಾಯಿಯ ಸಹಿ ಇನ್ನೂ ಆಗಿಲ್ಲ.